ಹೈಕೋರ್ಟ್ ನ್ಯಾಯಮೂರ್ತಿಯ ಮೇಲೆ ದೂರು ಕೊಟ್ಟರೆ ಅದು ಹೋಗುವುದೆಲ್ಲಿಗೆ?

ಕರಡುಪ್ರತಿ

ಶಾಸಕ ಕೆಲಸ ಮಾಡದಿದ್ದರೆ ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದು. ತಾಲ್ಲೂಕು ಕಚೇರಿಯಲ್ಲಿ ಯಾರಾದರೂ ಕೈ ಚಾಚಿದರೆ ಲೋಕಾಯುಕ್ತ ಪೊಲೀಸರಿದ್ದಾರೆ. ನ್ಯಾಯಾಂಗದವರ ನಡತೆಯ ಮೇಲೆ, ಅದರಲ್ಲೂ ಹೈಕೋರ್ಟ್ ನ್ಯಾಯಮೂರ್ತಿಗಳ ಮೇಲೆ, ದಾಖಲೆ ಸಮೇತ ಆಕ್ಷೇಪವಿದ್ದರೆ ಸಾಮಾನ್ಯ ನಾಗರಿಕ ಹೋಗುವುದೆಲ್ಲಿಗೆ? ದೂರು ಕೊಟ್ಟದ್ದೇ ನ್ಯಾಯಾಂಗ ನಿಂದನೆ ಆಗಿಬಿಡುತ್ತದೆಯೇ? ಕೊಟ್ಟ ಮೇಲೆ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ? ಯಾವ ಪಕ್ಷದ ಸರ್ಕಾರ, ಯಾವ ತೀರ್ಪು ಸರಿ ಅನ್ನುವ ಜಗಳ ಇಲ್ಲಿ ಬೇಡ. ವಿಧಾನ ಗೊತ್ತಿರುವವರು ಬರೆಯಿರಿ.

ನೋಟರಿಮುದ್ರೆ

ಬರೆಯುವ ಮೊದಲೇ ತೀರ್ಮಾನವಾಗಬೇಕಾದ್ದು ಒಂದಿದೆ: ತಕರಾರು ಆದೇಶದ ಮೇಲೋ, ಆದೇಶ ಕೊಟ್ಟವರ ನಡತೆಯ ಮೇಲೋ?

ಆದೇಶ ತಪ್ಪಾಗಿದ್ದರೆ ಮೇಲ್ಮನವಿ, ರಿವಿಷನ್, ಪುನರ್‌ಪರಿಶೀಲನೆ. ಆ ನ್ಯಾಯಾಲಯದಲ್ಲಿ ನ್ಯಾಯ ಸಿಗಲಾರದೆಂಬ ಸಕಾರಣ ಅಳುಕಿದ್ದರೆ ಪ್ರಕರಣ ವರ್ಗಾವಣೆ ಅರ್ಜಿ. ಸಿವಿಲ್ ದಾವೆಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 24ನೇ ಕಲಂ. ಕ್ರಿಮಿನಲ್ ಆದರೆ ಹೈಕೋರ್ಟಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 447, ಅದೇ ಸೆಷನ್ಸ್ ವಿಭಾಗದೊಳಗೆ ಬದಲಾವಣೆ ಸಾಕಾದರೆ ಸೆಷನ್ಸ್ ನ್ಯಾಯಾಧೀಶರಿಗೆ 448. ಹೈಕೋರ್ಟಿನಲ್ಲಿ ತೀರ್ಪು ಕಾಯ್ದಿರಿಸಿ ಸುಮ್ಮನಾಗಿದ್ದರೆ ಸುಪ್ರೀಂ ಕೋರ್ಟಿನ 2001ರ ಅನಿಲ್ ರಾಯ್ ತೀರ್ಪು ಹಿಡಿಯಿರಿ. ಮೂರು ತಿಂಗಳು ದಾಟಿದರೆ ಬೇಗ ತೀರ್ಪು ಕೊಡುವಂತೆ ಅರ್ಜಿ ಹಾಕಬಹುದು. ಆರು ತಿಂಗಳು ದಾಟಿದರೆ ಬೇರೆ ಪೀಠಕ್ಕೆ ಕೊಡಿ ಎಂದು ಮುಖ್ಯ ನ್ಯಾಯಮೂರ್ತಿಗಳನ್ನು ಕೇಳಬಹುದು. ಇದು ಬಹಳ ಕಕ್ಷಿದಾರರಿಗೆ ಗೊತ್ತೇ ಇಲ್ಲ, ಗೊತ್ತಿರುವ ವಕೀಲರು ಪೀಠ ಮುನಿಸಿಕೊಂಡೀತೆಂದು ಹಾಕುವುದಿಲ್ಲ.

ನಡತೆಯ ದೂರು ಎಂದು ಬರೆದದ್ದರಲ್ಲಿ ಅರ್ಧ ಪುಟಕ್ಕೂ ಹೆಚ್ಚು "ನನ್ನ ಸಾಕ್ಷ್ಯ ಪರಿಗಣಿಸಲಿಲ್ಲ" ಎಂಬುದೇ ಇದ್ದರೆ ಅದು ಅಲ್ಲಿಗೇ ಮುಗಿಯಿತು. ಸೋತ ಕಕ್ಷಿದಾರರು, ಸಿಟ್ಟಾದ ವಕೀಲರು ಕೊಡುವ ದೂರುಗಳಿಂದ ಕೆಳ ನ್ಯಾಯಾಲಯದವರನ್ನು ಕಾಯುವುದು ಹೈಕೋರ್ಟಿನ ಕರ್ತವ್ಯ ಎಂದು 1988ರ ಈಶ್ವರ್ ಚಂದ್ ಜೈನ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದು ಸರಿಯಾಗಿಯೇ ಇದೆ. ಜಾಮೀನು ಕೊಟ್ಟರೆ ದೂರು, ಕೊಡದಿದ್ದರೆ ದೂರು ಎಂದಾದರೆ ಯಾವ ನ್ಯಾಯಾಧೀಶರೂ ಧೈರ್ಯವಾಗಿ ಪೆನ್ನು ಹಿಡಿಯಲಾರರು.

ಇನ್ನು ದಾರಿ. ಮುನ್ಸಿಫ್ ಕೋರ್ಟಿನಿಂದ ಜಿಲ್ಲಾ ನ್ಯಾಯಾಧೀಶರವರೆಗೆ ಎಲ್ಲರೂ ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟಿನ ಹತೋಟಿಯಲ್ಲಿರುವವರು. ದೂರು ಹೋಗಬೇಕಾದ್ದು ಬೆಂಗಳೂರಿನ ಹೈಕೋರ್ಟಿನ ರಿಜಿಸ್ಟ್ರಾರ್ (ವಿಜಿಲೆನ್ಸ್) ಅವರಿಗೆ, ಅಥವಾ ಮುಖ್ಯ ನ್ಯಾಯಮೂರ್ತಿಗಳ ಹೆಸರಿಗೆ ರಿಜಿಸ್ಟ್ರಾರ್ ಜನರಲ್ ಮೂಲಕ. ಹೆಸರಿಲ್ಲದ ಮೂಕರ್ಜಿಗೆ ಬೆಲೆಯಿಲ್ಲ. ಪ್ರಮಾಣಪತ್ರ ಮತ್ತು ಪರಿಶೀಲಿಸಬಹುದಾದ ಆಧಾರ ಎರಡೂ ಬೇಕು. ವಿಚಾರಣೆ ನಡೆದರೆ ಸರ್ಕಾರಿ ನೌಕರರ ಇಲಾಖಾ ವಿಚಾರಣೆಯ ರೀತಿಯಲ್ಲೇ ಆರೋಪಪಟ್ಟಿ, ಉತ್ತರ, ಸಾಕ್ಷಿ, ದಂಡನೆ. ಈ ಹಂತದಲ್ಲಿ ವ್ಯವಸ್ಥೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಜೋರಾಗಿಯೇ. ತೊಡಕು ಶುರುವಾಗುವುದು ಒಂದು ಮೆಟ್ಟಿಲು ಮೇಲೆ.

ಸಪ್ತಾಪುರದಾಂವ

ನೋಟರಿ ಸಾಹೇಬ್ರು ಹೇಳಿದ್ದು ಖರೇ. ಆದ್ರ ಅಫಿಡವಿಟ್ ಅಂದ ಕೂಡ್ಲೆ ಮಂದಿ ಕಥಿ ಬರ್ಯಾಕ ಕುಂದರ್ತಾರ. ಕಥಿ ಬ್ಯಾಡ್ರಿ. ಮೊದಲ ಸಾಲಿನ್ಯಾಗ ಕೋರ್ಟಿನ ಹೆಸರು, ಪ್ರಕರಣದ ನಂಬರು, ಇ-ಕೋರ್ಟ್ಸ್ ಜಾಲತಾಣದಾಗ ಪ್ರಕರಣಕ್ಕ ಕೊಡೋ 16 ಅಕ್ಷರದ ಸಿಎನ್‌ಆರ್ ನಂಬರು ಬರೀರಿ. ಆಮ್ಯಾಲೆ ಒಂದು ಘಟನೆಗೆ ಒಂದು ಪ್ಯಾರಾ: ತಾರೀಖು, ಅವತ್ತು ಪ್ರಕರಣ ಕರೆದಾಗ ಏನಾತು, ಎದುರಿಗೆ ಯಾರ್ಯಾರಿದ್ರು. ಕಣ್ಣಾರೆ ಕಂಡದ್ದು ಬ್ಯಾರೆ, ಇನ್ನೊಬ್ರು ಹೇಳಿದ್ದು ಬ್ಯಾರೆ. ಎರಡನ್ನೂ ಕಲಿಸಿದ್ರ ಪೂರಾ ಅಫಿಡವಿಟ್ ಹಾಳಾಗ್ತದ, ಸುಳ್ಳು ಪ್ರಮಾಣದ ಕೇಸು ನಿಮ್ಮ ಮ್ಯಾಲೇ ತಿರುಗ್ತದ.

ಆರ್ಡರ್ ಶೀಟಿನ ದೃಢೀಕೃತ ನಕಲು ತಗೋರಿ, ಇ-ಕೋರ್ಟ್ಸ್ ಪುಟದ ಪ್ರಿಂಟ್ ಅಷ್ಟಕ್ಕ ಬಿಡಬ್ಯಾಡ್ರಿ. ಆರ್ಡರ್ ಶೀಟಿನ್ಯಾಗ "ವಕೀಲರು ಗೈರು" ಅಂತ ಇದ್ದು, ವಕೀಲರು ಹಾಜರಿದ್ದದ್ದಕ್ಕ ಅದೇ ದಿನ ಹಾಕಿದ ಮೆಮೊ ಇದ್ರ, ಅದಕ್ಕಿಂತ ದೊಡ್ಡ ಆಧಾರ ಬ್ಯಾರೆ ಬೇಕಿಲ್ಲ. ಈ ನಕಲು ಆರ್‌ಟಿಐ ಹಾಕಿ ಕೇಳಿದ್ರ ಕೊಡೂದಿಲ್ಲ. ಕೋರ್ಟಿನ ನಿಯಮದ ಪ್ರಕಾರ ಕಾಪಿ ಅರ್ಜಿನೇ ಹಾಕ್ಬೇಕು ಅಂತ 2020ರಾಗ ಗುಜರಾತ್ ಹೈಕೋರ್ಟ್ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೇಳಿ ಬಿಟ್ಟದ. ಸ್ಪೀಡ್ ಪೋಸ್ಟಿನ್ಯಾಗ ಕಳಸ್ರಿ, ರಸೀದಿ ಇಟ್ಕೋರಿ. ಮತ್ತ ಪತ್ರಿಕೆಗೆ, ವಾಟ್ಸಾಪಿಗೆ ಪ್ರತಿ ಹಂಚಬ್ಯಾಡ್ರಿ.

ತುಂಗಾತೀರೆ

ಯಾಕೆ ಹಂಚಬಾರದು? ಸತ್ಯ ಹೇಳಿದರೂ ನಿಂದನೆಯೇ?

ನೋಟರಿಮುದ್ರೆ

ಮೇಡಂ, 1971ರ ನ್ಯಾಯಾಂಗ ನಿಂದನೆ ಕಾಯ್ದೆಯನ್ನು ಒಮ್ಮೆ ಪೂರ್ತಿ ಓದಿ, ಚಿಕ್ಕದೇ ಇದೆ. ಅಂತಿಮವಾಗಿ ಮುಗಿದ ಪ್ರಕರಣದ ತೀರ್ಪನ್ನು ನ್ಯಾಯಸಮ್ಮತವಾಗಿ ಟೀಕಿಸುವುದು 5ನೇ ಕಲಂ ಪ್ರಕಾರ ನಿಂದನೆಯಲ್ಲ. ಕೆಳ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಸದ್ಭಾವನೆಯಿಂದ ಹೈಕೋರ್ಟಿಗೆ ಕೊಟ್ಟ ಹೇಳಿಕೆಗೆ 6ನೇ ಕಲಂನ ರಕ್ಷಣೆ ಇದೆ. ಗಮನಿಸಿ, ರಕ್ಷಣೆ ಹೈಕೋರ್ಟಿಗೆ ಕೊಟ್ಟ ದೂರಿಗೆ; ಅದೇ ಕಾಗದ ಫೇಸ್‌ಬುಕ್‌ನಲ್ಲಿ ಬಿದ್ದರೆ ಆ ಕಲಂ ನಿಮ್ಮನ್ನು ಕಾಯುವುದಿಲ್ಲ. 2006ರ ತಿದ್ದುಪಡಿಯ ನಂತರ ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಒಂದು ಸಮರ್ಥನೆಯಾಗಬಹುದು, 13(ಬಿ). "ಆಗಬಹುದು" ಎಂಬುದರ ಮೇಲೆ ಒತ್ತು: ಒಪ್ಪುವುದು ಬಿಡುವುದು ಕೋರ್ಟಿನ ವಿವೇಚನೆ.

ಶಿಕ್ಷೆ ಗರಿಷ್ಠ ಆರು ತಿಂಗಳು ಸಾದಾ ಸಜೆ, 2,000 ರೂಪಾಯಿ ದಂಡ. ಖಾಸಗಿಯವರು ಕ್ರಿಮಿನಲ್ ನಿಂದನೆ ಅರ್ಜಿ ಹಾಕಬೇಕಾದರೆ ಅಡ್ವೊಕೇಟ್ ಜನರಲ್ ಲಿಖಿತ ಒಪ್ಪಿಗೆ ಬೇಕು, ಒಂದು ವರ್ಷದ ಮಿತಿಯೂ ಇದೆ. ಆದರೆ ಕೋರ್ಟ್ ಸ್ವಯಂಪ್ರೇರಿತವಾಗಿ ತೆಗೆದುಕೊಂಡರೆ ಯಾರ ಒಪ್ಪಿಗೆಯೂ ಬೇಡ. ವಕೀಲ ಪ್ರಶಾಂತ್ ಭೂಷಣ್ ಅವರಿಗೆ 2020ರಲ್ಲಿ ಎರಡು ಟ್ವೀಟ್‌ಗಳಿಗೆ ಒಂದು ರೂಪಾಯಿ ದಂಡ ಬಿದ್ದದ್ದು ಆ ದಾರಿಯಲ್ಲೇ.

ಹೈಕೋರ್ಟ್ ನ್ಯಾಯಮೂರ್ತಿಗಳ ಮೇಲಿನ ದೂರಿಗೆ 6ನೇ ಕಲಂ ಅನ್ವಯಿಸುವುದಿಲ್ಲ ಎಂಬುದನ್ನು ನೆನಪಿಡಿ. ಹಾಗಾಗಿ ಭಾಷೆ ಒಣಗಿದಷ್ಟೂ ಒಳ್ಳೆಯದು. "ಭ್ರಷ್ಟ" ಎಂಬ ವಿಶೇಷಣ ಬರೆಯುವ ಕಡೆ ತಾರೀಖು, ಮೊತ್ತ, ಸರ್ವೆ ನಂಬರು ಬರೆಯಿರಿ.

ಕಡತಪಾಲ

ಮೇಲಿನ ಮೆಟ್ಟಿಲಿನ ವಿಷಯ ನಾನು ಹೇಳುತ್ತೇನೆ. ಹೈಕೋರ್ಟ್ ನ್ಯಾಯಮೂರ್ತಿಗಳ ವಿರುದ್ಧದ ದೂರಿಗೆ 1999ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಪೂರ್ಣ ಸಭೆ ಒಪ್ಪಿದ ಆಂತರಿಕ ವಿಧಾನವಿದೆ. ಸಂಸತ್ತು ಮಾಡಿದ ಕಾಯ್ದೆಯಲ್ಲ, ನ್ಯಾಯಾಂಗ ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಜನರಿಗೆ ಅದರ ಪಠ್ಯ ಸಿಕ್ಕಿದ್ದೇ 2014ರ ಕೊನೆಗೆ.

ದೂರು ಆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೋ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೋ ಹೋಗುತ್ತದೆ. ರಾಷ್ಟ್ರಪತಿಗೆ, ಕೇಂದ್ರದ ಕುಂದುಕೊರತೆ ಪೋರ್ಟಲ್ಲಿಗೆ ಹಾಕಿದರೂ ನ್ಯಾಯ ಇಲಾಖೆ ಅದನ್ನು ಇವರಿಗೇ ರವಾನಿಸುತ್ತದೆ. ಹುರುಳಿಲ್ಲ ಅನಿಸಿದರೆ ಕಡತ ಅಲ್ಲೇ ಮುಚ್ಚುತ್ತದೆ. ಹುರುಳಿದ್ದರೆ ಸಂಬಂಧಪಟ್ಟವರಿಂದ ಉತ್ತರ ಕೇಳುತ್ತಾರೆ. ಆಳವಾಗಿ ನೋಡಬೇಕೆನಿಸಿದರೆ ಬೇರೆ ಎರಡು ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳು, ಒಬ್ಬ ಹೈಕೋರ್ಟ್ ನ್ಯಾಯಮೂರ್ತಿ, ಹೀಗೆ ಮೂವರ ಸಮಿತಿ. ಆರೋಪ ಗಂಭೀರ, ಸಾಬೀತು ಎಂದು ಬಂದರೆ ರಾಜೀನಾಮೆಗೆ ಸಲಹೆ. ಒಪ್ಪದಿದ್ದರೆ ಕೆಲಸ ಹಂಚುವುದನ್ನು ನಿಲ್ಲಿಸಿ ವರದಿಯನ್ನು ರಾಷ್ಟ್ರಪತಿ, ಪ್ರಧಾನಿಗೆ ಕಳಿಸುತ್ತಾರೆ.

2025ರ ಮಾರ್ಚ್‌ನಲ್ಲಿ ದೆಹಲಿಯ ನ್ಯಾಯಮೂರ್ತಿ ಯಶವಂತ ವರ್ಮಾ ಅವರ ಬಂಗಲೆಯಲ್ಲಿ ಬೆಂಕಿ ಬಿದ್ದು ಸುಟ್ಟ ನೋಟುಗಳು ಕಂಡವೆಂಬ ಪ್ರಕರಣದಲ್ಲಿ ನಡೆದದ್ದು ಇದೇ. ಆರೋಪವನ್ನು ಅವರು ಅಲ್ಲಗಳೆದಿದ್ದಾರೆ. ಆ ಆಂತರಿಕ ಸಮಿತಿಯ ಮೂವರಲ್ಲಿ ಒಬ್ಬರು ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಅನು ಶಿವರಾಮನ್. ಫೋಟೊ, ವಿಡಿಯೊ ಸಮೇತ ಕಾಗದಗಳನ್ನು ಸುಪ್ರೀಂ ಕೋರ್ಟ್ ತನ್ನ ಜಾಲತಾಣದಲ್ಲಿ ಹಾಕಿದ್ದು ತೀರಾ ಅಪರೂಪ.

ಸಾಮಾನ್ಯ ನಿಯಮ ಮೌನ. ದೂರುದಾರರು ಇದರಲ್ಲಿ ಪಕ್ಷಕಾರರೇ ಅಲ್ಲ. ಫಲಿತಾಂಶ ತಿಳಿಸಬೇಕೆಂದಿಲ್ಲ, ವರದಿ ಕೊಡಬೇಕೆಂದಿಲ್ಲ. ಈ ಬಾಗಿಲು ಮುಚ್ಚಿದ್ದು ಕರ್ನಾಟಕದ ಪ್ರಕರಣದಲ್ಲೇ ಎಂಬುದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. 2002ರಲ್ಲಿ ಇಲ್ಲಿನ ಹೈಕೋರ್ಟಿನ ಕೆಲವು ನ್ಯಾಯಮೂರ್ತಿಗಳ ಮೇಲೆ ಮೈಸೂರಿನ ಘಟನೆಯೊಂದರ ಕುರಿತು ಆರೋಪ ಬಂದು ಆಂತರಿಕ ಸಮಿತಿ ನೋಡಿತು. ಆರೋಪಕ್ಕೆ ಆಧಾರ ಸಿಗಲಿಲ್ಲ. ವರದಿ ಕೊಡಿ ಎಂದು ಹಿರಿಯ ವಕೀಲೆ ಇಂದಿರಾ ಜೈಸಿಂಗ್ ಕೇಳಿದಾಗ, ಅದು ಮುಖ್ಯ ನ್ಯಾಯಮೂರ್ತಿಗಳ ತಿಳಿವಳಿಕೆಗಾಗಿ ಮಾತ್ರ ಇರುವ ಗೋಪ್ಯ ವರದಿ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿತು. ನಿರ್ದೋಷಿ ಎನಿಸಿಕೊಂಡವರಿಗೂ ಇದರಿಂದ ನಷ್ಟ: ಯಾವ ಆಧಾರದ ಮೇಲೆ ನಿರ್ದೋಷಿ ಎಂದು ತೋರಿಸಲು ಕೈಯಲ್ಲಿ ಒಂದು ಹಾಳೆಯೂ ಇಲ್ಲ.

ಕರಡುಪ್ರತಿ

ನ್ಯಾಯಮೂರ್ತಿಗಳನ್ನು ಹುದ್ದೆಯಿಂದ ತೆಗೆಯಲು ಸಂಸತ್ತಿನಲ್ಲಿ ವಾಗ್ದಂಡನೆ ಅಂತ ಪತ್ರಿಕೆಗಳು ಬರೆಯುತ್ತವಲ್ಲ, ಅದು ನಿಜಕ್ಕೂ ಗುರಿ ಮುಟ್ಟಿದ್ದಿದೆಯೇ?

ಕಡತಪಾಲ

ಪೂರ್ತಿಯಾಗಿ ಒಂದೂ ಇಲ್ಲ. ಲೆಕ್ಕ ಹೀಗೆ: ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ, ಸ್ಪೀಕರ್ ಅಥವಾ ಸಭಾಪತಿ ಒಪ್ಪಬೇಕು. 1968ರ ನ್ಯಾಯಾಧೀಶರ ವಿಚಾರಣಾ ಕಾಯ್ದೆಯಂತೆ ಸುಪ್ರೀಂ ಕೋರ್ಟಿನಿಂದ ಒಬ್ಬರು, ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ ಒಬ್ಬರು, ಕಾನೂನು ತಜ್ಞರು ಒಬ್ಬರು ಸೇರಿ ಆರೋಪ ಹೊರಿಸಿ ವಿಚಾರಣೆ. ದುರ್ನಡತೆ ಅಥವಾ ಅಸಾಮರ್ಥ್ಯ ಸಾಬೀತಾದರೆ ಮಾತ್ರ ಸದನಕ್ಕೆ. ಪ್ರತಿ ಸದನದಲ್ಲೂ ಒಟ್ಟು ಸದಸ್ಯಬಲದ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು, ಎರಡೂ ಒಂದೇ ಅಧಿವೇಶನದಲ್ಲಿ.

ಎಲ್ಲಿ ಮುರಿಯುತ್ತದೆ? ಬಾಗಿಲಲ್ಲೇ ಮುರಿಯಬಹುದು: 2018ರಲ್ಲಿ ಆಗಿನ ಭಾರತದ ಮುಖ್ಯ ನ್ಯಾಯಮೂರ್ತಿ (ಸಿಜೆಐ) ದೀಪಕ್ ಮಿಶ್ರಾ ಅವರ ಮೇಲಿನ ನೋಟಿಸನ್ನು ಸಭಾಪತಿ ವೆಂಕಯ್ಯ ನಾಯ್ಡು ತಿರಸ್ಕರಿಸಿದರು. ಮತದಾನದಲ್ಲಿ ಮುರಿಯಬಹುದು: 1993ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ವಿರುದ್ಧ 14ರಲ್ಲಿ 11 ಆರೋಪ ಸಾಬೀತು ಎಂದು ಸಮಿತಿ ಹೇಳಿತ್ತು. ಪರ 196 ಮತ, ವಿರುದ್ಧ ಸೊನ್ನೆ, ಆದರೂ ಬಿದ್ದುಹೋಯಿತು; ಕಾಂಗ್ರೆಸ್‌ನವರು ಸೇರಿ 205 ಮಂದಿ ಮತವನ್ನೇ ಹಾಕಲಿಲ್ಲ. ಕೊನೆಗೆ ರಾಜೀನಾಮೆ ಎಂಬ ಕಿಂಡಿ: ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ವಿರುದ್ಧ 2011ರ ಆಗಸ್ಟ್‌ನಲ್ಲಿ ರಾಜ್ಯಸಭೆ ಗೊತ್ತುವಳಿ ಅಂಗೀಕರಿಸಿತು, ಲೋಕಸಭೆಗೆ ಬರುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಹೈಕೋರ್ಟ್ ನ್ಯಾಯಮೂರ್ತಿಗಳ ರಾಜೀನಾಮೆಯನ್ನು ಯಾರೂ ಅಂಗೀಕರಿಸಬೇಕಿಲ್ಲ, ರಾಷ್ಟ್ರಪತಿಗೆ ಸಹಿ ಮಾಡಿ ಬರೆದರೆ ಸಾಕು.

ನಮ್ಮವರಿಗೆ ಹತ್ತಿರದ್ದು ಪಿ.ಡಿ. ದಿನಕರನ್ ಪ್ರಕರಣ. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾಗಿದ್ದಾಗ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೆಸರು ಹೋಯಿತು. ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯ ಕಾವೇರಿರಾಜಪುರಂನಲ್ಲಿ ಸರ್ಕಾರಿ ಜಮೀನು ಒತ್ತುವರಿಯ ಆರೋಪ ಬಂತು, ಅವರು ನಿರಾಕರಿಸಿದರು. ಡಿಸೆಂಬರ್‌ನಲ್ಲಿ ರಾಜ್ಯಸಭೆಯ 75 ಸದಸ್ಯರ ಸಹಿ, 2010ರ ಜನವರಿಯಲ್ಲಿ ಸಮಿತಿ, ಆಗಸ್ಟ್‌ನಲ್ಲಿ ಸಿಕ್ಕಿಂ ಹೈಕೋರ್ಟಿಗೆ ವರ್ಗ, 2011ರ ಜುಲೈನಲ್ಲಿ ರಾಜೀನಾಮೆ. ಅಲ್ಲಿಗೆ ಸಮಿತಿಯ ಕೆಲಸ ನಿಂತಿತು. ಆರೋಪ ನಿಜವೋ ಸುಳ್ಳೋ, ದಾಖಲೆಯಲ್ಲಿ ತೀರ್ಮಾನವೇ ಇಲ್ಲ. ಬೆಂಗಳೂರಿಗೆ ಬೇಡವಾದವರು ಗ್ಯಾಂಗ್ಟಾಕ್‌ಗೆ ಹೇಗೆ ಸಲ್ಲುತ್ತಾರೆ ಎಂಬ ಪ್ರಶ್ನೆಗೂ ಉತ್ತರವಿಲ್ಲ.

ವರ್ಮಾ ಪ್ರಕರಣದಲ್ಲಿ 146 ಸದಸ್ಯರ ನೋಟಿಸನ್ನು ಸ್ಪೀಕರ್ 2025ರ ಆಗಸ್ಟ್ 12ರಂದು ಒಪ್ಪಿ ಸಮಿತಿ ಮಾಡಿದರು. ಮೂವರಲ್ಲಿ ಇಬ್ಬರು ನಮ್ಮ ಕಡೆಯವರು: ಸುಪ್ರೀಂ ಕೋರ್ಟಿನ ಅರವಿಂದ ಕುಮಾರ್, ಹಿರಿಯ ವಕೀಲ ಬಿ.ವಿ. ಆಚಾರ್ಯ.

ಮಲೆನಾಡಿಗ

ಎಲ್ಲರೂ ದೂರಿನ ದಾರಿ ಅಗಲ ಮಾಡಬೇಕು ಎನ್ನುತ್ತಿದ್ದೀರಿ. ಅದೇ ದಾರಿಯಲ್ಲಿ ಸರ್ಕಾರವೂ ನಡೆದು ಬರುತ್ತದೆ. ಜಿಲ್ಲಾ ನ್ಯಾಯಾಧೀಶರಾಗಿದ್ದ ಪಿ. ಕೃಷ್ಣ ಭಟ್ ಅವರ ಹೆಸರನ್ನು ಕೊಲಿಜಿಯಂ (ನೇಮಕ, ವರ್ಗಾವಣೆ ಶಿಫಾರಸು ಮಾಡುವ ಸುಪ್ರೀಂ ಕೋರ್ಟಿನ ಹಿರಿಯ ನ್ಯಾಯಮೂರ್ತಿಗಳ ಮಂಡಳಿ) ಕರ್ನಾಟಕ ಹೈಕೋರ್ಟಿಗೆ ಶಿಫಾರಸು ಮಾಡಿತ್ತು. ಅವರ ಮೇಲೊಂದು ದೂರು ಇತ್ತು, ಆಗಿನ ಮುಖ್ಯ ನ್ಯಾಯಮೂರ್ತಿ ವಿಚಾರಿಸಿ ಹುರುಳಿಲ್ಲ ಎಂದಿದ್ದರು, ಕೊಲಿಜಿಯಂ ಮತ್ತೆ ಹೆಸರು ಕಳಿಸಿತ್ತು. ಆದರೂ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟನ್ನು ಬದಿಗಿಟ್ಟು ನೇರ ನಮ್ಮ ಹೈಕೋರ್ಟಿಗೆ ಬರೆದು ಮರುವಿಚಾರಣೆ ಕೇಳಿತು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚೆಲಮೇಶ್ವರ್ ಕಟುವಾದ ಪತ್ರ ಬರೆದದ್ದು ಇದಕ್ಕೇ. ಭಟ್ಟರ ನೇಮಕ ಆದದ್ದು 2020ರಲ್ಲಿ.

ವರ್ಗಾವಣೆಯದು ಇನ್ನೊಂದು. 2017ರಲ್ಲಿ ಜಯಂತ್ ಪಟೇಲ್ ಇಲ್ಲಿ ಹಂಗಾಮಿ ಮುಖ್ಯ ನ್ಯಾಯಮೂರ್ತಿ ಆಗುವ ಹೊತ್ತಿಗೆ ಅಲಹಾಬಾದಿಗೆ ಎತ್ತಂಗಡಿಯಾಗಿ ರಾಜೀನಾಮೆ ಕೊಟ್ಟರು. 2022ರಲ್ಲಿ ಭ್ರಷ್ಟಾಚಾರ ನಿಗ್ರಹ ದಳದ (ಎಸಿಬಿ) ಕೆಲಸವನ್ನು ತರಾಟೆಗೆ ತೆಗೆದುಕೊಂಡ ನ್ಯಾಯಮೂರ್ತಿ ಎಚ್.ಪಿ. ಸಂದೇಶ್, ತಮಗೆ ವರ್ಗಾವಣೆಯ ಬೆದರಿಕೆ ಬಂದಿದೆ ಎಂದು ತೆರೆದ ನ್ಯಾಯಾಲಯದಲ್ಲೇ ಹೇಳಿದರು. 2025ರ ಏಪ್ರಿಲ್‌ನಲ್ಲಿ ಇಲ್ಲಿಂದ ನಾಲ್ವರನ್ನು ಒಟ್ಟಿಗೆ ಒಡಿಶಾ, ಕೇರಳ, ಗುಜರಾತ್, ಮದ್ರಾಸಿಗೆ ಕಳಿಸುವ ಶಿಫಾರಸಿನಲ್ಲಿ ಪ್ರತಿಯೊಬ್ಬರಿಗೂ ಬೇರೆಬೇರೆ ಕಾರಣ ಕೊಟ್ಟಿರಲಿಲ್ಲ. ಶಿಕ್ಷೆಯೋ, ಆಡಳಿತದ ಅಗತ್ಯವೋ, ಸರ್ಕಾರದ ಮುನಿಸೋ? ಕಾರಣ ಬರೆಯದಿದ್ದರೆ ಮೂರೂ ಒಂದೇ ರೀತಿ ಕಾಣುತ್ತವೆ. ನನಗೆ ದೂರಿನ ಸಮಿತಿಗಿಂತ ಮೊದಲು ಬೇಕಾದ್ದು ಆ ಕಾರಣದ ಹಾಳೆ.

ತುಂಗಾತೀರೆ

ಲಂಚದ ಆರೋಪವಾದರೆ ಲೋಕಪಾಲಕ್ಕೆ ಹೋಗಬಹುದಲ್ಲ?

ಕಡತಪಾಲ

ಸದ್ಯಕ್ಕಿಲ್ಲ. ಹೈಕೋರ್ಟ್ ನ್ಯಾಯಮೂರ್ತಿಗಳೂ ತನ್ನ ವ್ಯಾಪ್ತಿಗೆ ಬರುತ್ತಾರೆಂದು ಲೋಕಪಾಲ 2025ರ ಜನವರಿ 27ರಂದು ಹೇಳಿತು. ಫೆಬ್ರುವರಿ 20ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ತಡೆ ಕೊಟ್ಟಿತು. ಪೊಲೀಸ್ ದಾರಿಯಲ್ಲಿ 1991ರ ವೀರಸ್ವಾಮಿ ತೀರ್ಪು ಅಡ್ಡ ಇದೆ. ನ್ಯಾಯಮೂರ್ತಿಗಳು ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಸಾರ್ವಜನಿಕ ಸೇವಕರೇ, ಆದರೆ ಸಿಜೆಐ ಅವರನ್ನು ಕೇಳದೆ ಪ್ರಕರಣ ದಾಖಲಿಸುವಂತಿಲ್ಲ. ಕರ್ನಾಟಕ ಲೋಕಾಯುಕ್ತಕ್ಕೆ ಬರೆದು ಸಮಯ ಕಳೆಯಬೇಡಿ.

ಸಪ್ತಾಪುರದಾಂವ

ಲೈವ್ ಸ್ಟ್ರೀಮಿನ ಬಗ್ಗೆ ಯಾರೂ ಬರಿಲಿಲ್ಲಲ್ಲ! ನನ್ನ ಲೆಕ್ಕದಾಗ ಇದ ಎಲ್ಲಾಕಿಂತ ಹರಿತಾದ ಹತಾರ. 2024ರ ಸೆಪ್ಟೆಂಬರ್‌ನ್ಯಾಗ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಒಬ್ರು ಬೆಂಗಳೂರಿನ ಒಂದು ಬಡಾವಣೆ ಬಗ್ಗೆ, ಮಹಿಳಾ ವಕೀಲರ ಬಗ್ಗೆ ಆಡಿದ ಮಾತಿನ ತುಣುಕು ಹರಿದಾಡಿತು. ಸುಪ್ರೀಂ ಕೋರ್ಟಿನ ಐವರ ಪೀಠ 20ಕ್ಕ ಸ್ವಯಂಪ್ರೇರಿತ ಕೈಗೆತ್ತಿಕೊಂತು, ಅವರು ತೆರೆದ ಕೋರ್ಟಿನ್ಯಾಗ ವಿಷಾದ ಹೇಳಿದ್ರು, 25ಕ್ಕ ಮುಗೀತು. ಭಾರತದ ಯಾವ ಭಾಗಕ್ಕೂ ಪಾಕಿಸ್ತಾನ ಅನ್ನಂಗಿಲ್ಲ ಅಂತ ಪೀಠ ಹೇಳ್ತು. ದೂರಿಲ್ಲ, ಸಮಿತಿಯಿಲ್ಲ, ಐದು ದಿನ!

ಆದ್ರ ತುಣುಕು ನೀವ ಕತ್ತರಿಸಿ ಹಾಕಬ್ಯಾಡ್ರಿ. 2022ರ ಜನವರಿ 1ರಿಂದ ಜಾರಿಯಾದ ನಮ್ಮ ನೇರ ಪ್ರಸಾರದ ನಿಯಮದಾಗ ಅನುಮತಿ ಇಲ್ದ ರೆಕಾರ್ಡ್ ಮಾಡೂದು, ಹಂಚೂದು ಎರಡೂ ತಪ್ಪು. ದೂರಿನ್ಯಾಗ ತಾರೀಖು, ಕೋರ್ಟ್ ಹಾಲ್ ನಂಬರು, ಪಟ್ಟಿಯ ಕ್ರಮಸಂಖ್ಯೆ, ಗಂಟೆ-ನಿಮಿಷ ಬರೀರಿ, ದಫ್ತರದಾಗಿನ ಪ್ರತಿ ನೋಡ್ರಿ ಅಂತ ಕೇಳ್ರಿ.

ಮಲೆನಾಡಿಗ

ಆ ಐದು ದಿನ ಮುಗಿಯುವ ಮುಂಚೆಯೇ, 24ರಂದು, ಯೂಟ್ಯೂಬ್ ಚಾನೆಲ್‌ಗಳು ಕೋರ್ಟಿನ ತುಣುಕು ಬಳಸಬಾರದೆಂದು ನಮ್ಮ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು, ಅದೂ ವಕೀಲರ ಸಂಘವೇ ಕೇಳಿಕೊಂಡ ಮೇಲೆ. ಹತಾರ ಹರಿತ, ಹಿಡಿ ಅವರ ಕೈಯಲ್ಲೇ.

ಕರಡುಪ್ರತಿ

ಆರ್‌ಟಿಐನಿಂದ ಏನಾದರೂ ಸಿಗುತ್ತದೆಯೇ?

ನೋಟರಿಮುದ್ರೆ

ಹೆಸರು ಹಿಡಿದು ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ತಿರಸ್ಕರಿಸುತ್ತಾರೆ. ಸಂಖ್ಯೆ ಕೇಳಿ: ಇಂತಿಂಥ ವರ್ಷ ನ್ಯಾಯಾಂಗ ಅಧಿಕಾರಿಗಳ ಮೇಲೆ ಬಂದ ದೂರೆಷ್ಟು, ಪ್ರಮಾಣಪತ್ರ ಇಲ್ಲದೆ ಮುಚ್ಚಿದವೆಷ್ಟು, ಇಲಾಖಾ ವಿಚಾರಣೆಗೆ ಹೋದವೆಷ್ಟು. ಒಂದು ಅರ್ಜಿಗೆ ಒಂದೇ ವಿಷಯ ಇರಲಿ. ಹೈಕೋರ್ಟಿಗೆ ಅದರದೇ ಆರ್‌ಟಿಐ ನಿಯಮ, ನಮೂನೆ ಇರುವುದರಿಂದ ಶುಲ್ಕವನ್ನು ಅದರ ಜಾಲತಾಣದಲ್ಲಿ ನೋಡಿಕೊಂಡು ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ. ಸಿಜೆಐ ಕಚೇರಿಯೂ ಸಾರ್ವಜನಿಕ ಪ್ರಾಧಿಕಾರ ಎಂದು 2019ರ ನವೆಂಬರ್ 13ರ ತೀರ್ಪಿದೆ.

ಆಸ್ತಿ ವಿವರ ಮೊದಲಿನಿಂದಲೂ ಸ್ವಇಚ್ಛೆಯದ್ದು. 2009ರಲ್ಲಿ ನಮ್ಮ ಹೈಕೋರ್ಟಿನ ಡಿ.ವಿ. ಶೈಲೇಂದ್ರ ಕುಮಾರ್, ಹುದ್ದೆಯಲ್ಲಿದ್ದುಕೊಂಡೇ, ಆಸ್ತಿ ಬಹಿರಂಗಪಡಿಸಲು ನ್ಯಾಯಮೂರ್ತಿಗಳು ಅಂಜಬೇಕಿಲ್ಲವೆಂದು ಬರೆದದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಸುಪ್ರೀಂ ಕೋರ್ಟ್ 2025ರ ಮೇ 5ರಂದು ಆಗಿದ್ದ 33ರಲ್ಲಿ 21 ಮಂದಿಯ ವಿವರ ಪ್ರಕಟಿಸಿತು.

ತುಂಗಾತೀರೆ

ಇಷ್ಟೆಲ್ಲ ಓದಿದ ಮೇಲೆ ಅನಿಸುವುದು: ಉಗುರಲ್ಲಿ ಹೋಗುವುದಕ್ಕೂ ಕೈಯಲ್ಲಿರುವುದು ಕೊಡಲಿಯೊಂದೇ. ಅದನ್ನೆತ್ತಲು ನೂರು ಸಂಸದರು ಬೇಕು, ಆದ್ದರಿಂದ ಎತ್ತುವುದೇ ಇಲ್ಲ. ವಕೀಲೆಯರಿಗೆ ಕೊಂಕು ಮಾತು, ಬೆಳಿಗ್ಗೆ ತಡವಾಗಿ ಪೀಠಕ್ಕೆ ಬರುವುದು, ಆರು ತಿಂಗಳು ತೀರ್ಪು ಬರೆಯದಿರುವುದು, ಇವಕ್ಕೆ ಪದಚ್ಯುತಿ ಅತಿಯಾಯಿತು, ಸುಮ್ಮನಿರುವುದೂ ಸಲ್ಲ. 2010ರ ನ್ಯಾಯಾಂಗ ಮಾನದಂಡ ಮತ್ತು ಉತ್ತರದಾಯಿತ್ವ ಮಸೂದೆಯಲ್ಲಿ ಎಚ್ಚರಿಕೆ, ಸಲಹೆಯಂಥ ಸಣ್ಣ ಕ್ರಮಗಳಿದ್ದವು. 2012ರಲ್ಲಿ ಲೋಕಸಭೆ ಅಂಗೀಕರಿಸಿತು, 2014ರಲ್ಲಿ ಲೋಕಸಭೆಯೊಂದಿಗೇ ಬಿದ್ದುಹೋಯಿತು. ಜಗತ್ತಿನ ನ್ಯಾಯಾಧೀಶರ ನಡತೆಗೆ 2001ರಲ್ಲಿ ಕರಡು ಸಿದ್ಧವಾದದ್ದು ನಮ್ಮ ಬೆಂಗಳೂರಿನಲ್ಲಿ, ಇಂದಿಗೂ ಅದರ ಹೆಸರು ಬೆಂಗಳೂರು ತತ್ತ್ವಗಳು. ಅದನ್ನು ಮುರಿದರೆ ಏನು ಮಾಡಬೇಕೆಂಬ ಕಾಯ್ದೆ ಮಾತ್ರ ಇಲ್ಲಿಲ್ಲ.

ಮಲೆನಾಡಿಗ

ಸಣ್ಣ ಕ್ರಮ ಒಪ್ಪುತ್ತೇನೆ, ಸರ್ಕಾರದ ಪ್ರತಿನಿಧಿ ಇರುವ ಸಮಿತಿಗೆ ಅದನ್ನು ಕೊಡುವುದು ಒಪ್ಪುವುದಿಲ್ಲ. ದೇಶದಲ್ಲಿ ಅತಿ ದೊಡ್ಡ ಕಕ್ಷಿದಾರ ಸರ್ಕಾರವೇ. ಆ ಮಸೂದೆಯ ಮೇಲ್ವಿಚಾರಣಾ ಸಮಿತಿಯಲ್ಲಿ ಕೇಂದ್ರ ಸರ್ಕಾರದ ಮುಖ್ಯ ವಕೀಲರಾದ ಅಟಾರ್ನಿ ಜನರಲ್ ಕೂಡ ಇದ್ದರು. ಬೆಳಿಗ್ಗೆ ಎದುರು ನಿಂತು ವಾದಿಸುವವರು ಸಂಜೆ ನಡತೆ ಅಳೆಯುವುದೇ? ನಿವೃತ್ತರು, ಹೊರಗಿನವರು ಇರಲಿ, ಸರ್ಕಾರ ಬೇಡ.

ಕರಡುಪ್ರತಿ

ಕೊನೆಯ ಪ್ರಶ್ನೆ. ನಾಗರಿಕರ ಗುಂಪು ಸಂಸದರ ಬಳಿ ಹೋಗುವುದಾದರೆ ಏನು ಒಯ್ಯಬೇಕು?

ಕಡತಪಾಲ

ದಿನಕರನ್ ಪ್ರಕರಣದ ಕಡತವನ್ನೇ ಮಾದರಿ ಇಟ್ಟುಕೊಳ್ಳಿ. ಚೆನ್ನೈನ ವಕೀಲರ ವೇದಿಕೆ ಮೊದಲು ಸಿಜೆಐ ಅವರಿಗೆ ಮನವಿ ಕೊಟ್ಟಿತು. ಪ್ರಕರಣ ನಿಂತದ್ದು ಭಾಷಣದ ಮೇಲಲ್ಲ, ಗ್ರಾಮದ ಸರ್ವೆ ನಂಬರುಗಳು, ಕಂದಾಯ ದಾಖಲೆ, ಜಿಲ್ಲಾಧಿಕಾರಿಯ ವರದಿಯ ಮೇಲೆ. ಆ ಕಾಗದ ಕೈಯಲ್ಲಿದ್ದದ್ದರಿಂದಲೇ 75 ಸಹಿ ಬಿತ್ತು. ಸಂಸದರು ಸದನದಲ್ಲಿ ಸುಮ್ಮನೆ ಎದ್ದು ಹೆಸರೆತ್ತುವಂತಿಲ್ಲ. ಪದಚ್ಯುತಿ ಗೊತ್ತುವಳಿ ಬಿಟ್ಟು ಬೇರೆ ಸಂದರ್ಭದಲ್ಲಿ ನ್ಯಾಯಮೂರ್ತಿಗಳ ನಡತೆ ಚರ್ಚಿಸಲು 121ನೇ ವಿಧಿ ಬಿಡುವುದಿಲ್ಲ, ವಿಧಾನಸಭೆಗೆ 211. ಆದ್ದರಿಂದ ಶಾಸಕರ ಮನೆ ಮುಂದೆ ನಿಲ್ಲಬೇಡಿ. ಪ್ರತಿ ಆರೋಪಕ್ಕೂ ಒಂದು ದೃಢೀಕೃತ ಸರ್ಕಾರಿ ದಾಖಲೆ ಸಿಗುವ ತನಕ ಸಂಸದರ ಬಳಿಯೂ ಬೇಡ. ಎರಡೂ ಸದನಗಳಲ್ಲಿ ಒಂದೇ ದಿನ ನೋಟಿಸ್ ಕೊಡಿಸುವ ಉತ್ಸಾಹ ಬೇಡವೇ ಬೇಡ. ಹಾಗಾದರೆ ಎರಡೂ ಕಡೆ ಒಪ್ಪಿಗೆಯಾದ ಮೇಲಷ್ಟೇ ಸ್ಪೀಕರ್, ಸಭಾಪತಿ ಸೇರಿ ಸಮಿತಿ ಮಾಡಬೇಕೆಂದು 1968ರ ಕಾಯ್ದೆಯ 3ನೇ ಕಲಂ ಹೇಳುತ್ತದೆ. 2025ರ ಜುಲೈ 21ರಂದು ವರ್ಮಾ ಪ್ರಕರಣದಲ್ಲಿ ಎರಡೂ ಕಡೆ ನೋಟಿಸ್ ಹೋಗಿ, ಅದೇ ಸಂಜೆ ಸಭಾಪತಿ ಧನಕರ್ ರಾಜೀನಾಮೆ ಕೊಟ್ಟು, ಆ ಕಲಂನ ಅರ್ಥವೇನೆಂಬ ವಾದ ಮತ್ತೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.